ವಿರೋಧದವರು ಮೊದಲು

ವಿನೋದಾ ಗಂಡನ ಬಲಗೈಯನ್ನು ಅಂಗಿಯ ತೋಳಿಗೆ ತೂರಿಸಲು ಮೂರನೆಯ ಸಲ ಪ್ರಯತ್ನಿಸುತ್ತಿದ್ದರು. ಯಾವಾಗಲೂ ಬಲಗೈಯೇ ಮೊದಲು. ಮದುವೆಯಾದ ನಲವತ್ತೈದು ವರ್ಷಗಳಲ್ಲಿ ಆ ಕೈ ಭುಜದ ಮಟ್ಟಕ್ಕಿಂತ ಮೇಲೆ ಎದ್ದದ್ದನ್ನು ಅವರು ನೋಡಿರಲಿಲ್ಲ. ದಿನಾ ಬೆಳಿಗ್ಗೆ ಅದನ್ನು ಹಿಡಿದು ಮೆಲ್ಲನೆ ಒಳಗೆ ಬಿಡಬೇಕು. ಎಡಗೈ ತನ್ನ ದಾರಿಯನ್ನು ತಾನೇ ನೋಡಿಕೊಳ್ಳುತ್ತಿತ್ತು. ಇವತ್ತು ಎರಡೂ ಒಂದೇ ತೆರನಾಗಿ ಬಿಗಿದಿದ್ದವು. ನಿನ್ನೆ ಸಂಜೆ ಮಣಿಪಾಲದ ಆಸ್ಪತ್ರೆಯಲ್ಲಿ ಬಂದ ಸಾವು ಎರಡು ಕೈಗಳ ನಡುವಿನ ವ್ಯತ್ಯಾಸವನ್ನು ಅಳಿಸಿಹಾಕಿತ್ತು.

"ಬೆನ್ನಿನ ಹತ್ತಿರ ಕತ್ತರಿಸಿಬಿಡುವ ವಿನೋದಕ್ಕ," ಎಂದರು ನೆರೆಮನೆಯ ಸೆಲೀನ್ ಬಾಯಿ, ಕತ್ತರಿ ಹಿಡಿದುಕೊಂಡು. "ಮಲಗಿಸಿದ ಮೇಲೆ ಯಾರಿಗೂ ಕಾಣುವುದಿಲ್ಲ. ನಮ್ಮಲ್ಲಿಯೂ ಹಾಗೆಯೇ ಮಾಡುವುದು."

ಬಿಳಿ ಖಾದಿ ಬೆನ್ನಿನುದ್ದಕ್ಕೂ ಸೀಳಿತು. ಎದುರಿನಿಂದ ನೋಡಿದರೆ ಮಾಜಿ ಶಾಸಕ ಕರುಣಾಕರರ ಅಂಗಿಯಲ್ಲಿ ಒಂದು ಸುಕ್ಕೂ ಇರಲಿಲ್ಲ.

ಕಾಪುವಿನ ಆ ಸಣ್ಣ ಮನೆಯ ಅಂಗಳದಲ್ಲಿ ಶಾಮಿಯಾನ ಎದ್ದಿತ್ತು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತವರ ಮಾತು ಕಿಟಕಿಯ ಮೂಲಕ ಒಳಗೆ ಬರುತ್ತಿತ್ತು.

"ಇವರು ಮಂಡಲ ಪಂಚಾಯತಿನ ಪ್ರಧಾನರಾಗಿದ್ದಾಗ ಸಭೆಗೆ ಬಂದವರಿಗೆ ಕೊನೆಯ ಬಸ್ಸು ಸಿಕ್ಕಿದ್ದುಂಟಾ ಮಾರಾಯ? ವಿರೋಧದವರು ಮೊದಲು ಕೈ ಎತ್ತಬೇಕು. ಅವರು ಹೇಳುವುದೆಲ್ಲ ಹೇಳಿ ಮುಗಿಯಬೇಕು. ಪರವಾಗಿರುವವರ ಸರದಿ ಆಮೇಲೆ."

"ನನ್ನ ತಂಗಿಯ ಮದುವೆಯಲ್ಲಿ ಇವರೇ ಬಡಿಸಲು ನಿಂತು, ಪಾಯಸ ಬೇಡದವರು ಮೊದಲು ಕೈ ಎತ್ತಿ ಅಂದಿದ್ದಾರೆ!"

"ಯಾರಾದರೂ ಎತ್ತಿದರಾ?"

"ಸಕ್ಕರೆ ಕಾಯಿಲೆಯ ನಮ್ಮ ಮಾವ ಎತ್ತಿದರು. ಇದಿನಬ್ಬಾಕ ಅದನ್ನೂ ಬಿಡಲಿಲ್ಲ, ಸಭೆಯಲ್ಲಿ ಎಣಿಸಿದ ಹಾಗೆ ಎಣಿಸಿದರು. ಒಂದು!"

ಸಾವಿನ ಮನೆಯೆಂಬುದು ನೆನಪಾಗಿ ನಗು ಅರ್ಧಕ್ಕೆ ನಿಂತಿತು. ಇದಿನಬ್ಬ ಮಾತ್ರ ನಗಲಿಲ್ಲ. ಕೊನೆಯ ಸಾಲಿನಲ್ಲಿ, ಊರುಗೋಲನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಅವರು ನೆಲ ನೋಡುತ್ತಿದ್ದರು. ಕೆಮ್ಮಣ್ಣು ಎಂಬ ಊರಿನ ಹಳೆಯ ಜಿನಸಿ ವ್ಯಾಪಾರಿ. ಮಂಡಲದ ಸಭೆಗಳಲ್ಲಿ ಎದ್ದು ನಿಂತು, ವಿರೋಧದ ಕೈಗಳನ್ನು ಒಂದೊಂದಾಗಿ, ದೊಡ್ಡ ದನಿಯಲ್ಲಿ ಎಣಿಸುತ್ತಿದ್ದ ಸದಸ್ಯ.

*

ಕರುಣಾಕರ, ಇದಿನಬ್ಬ ಇಬ್ಬರಿಗೂ ಆಗ ಇಪ್ಪತ್ತಮೂರು ವರ್ಷ. ತುರ್ತು ಪರಿಸ್ಥಿತಿಯ ಮೊದಲ ಮಳೆಗಾಲ. ಕೆಮ್ಮಣ್ಣಿನ ಹೊಳೆಯ ಬದಿಯಲ್ಲಿ, ತೆಂಗಿನಕಾಯಿ ರಾಶಿ ಹಾಕುವ ಕೊಟ್ಟಿಗೆಯಲ್ಲಿ ಒಂದು ಸೈಕ್ಲೋಸ್ಟೈಲ್ ಯಂತ್ರವಿತ್ತು. ಕರುಣಾಕರ ಬರೆಯುತ್ತಿದ್ದರು, ಇದಿನಬ್ಬ ಹಿಡಿಕೆ ತಿರುಗಿಸುತ್ತಿದ್ದರು. ಸೆನ್ಸಾರಿನವರು ಪತ್ರಿಕೆಯಲ್ಲಿ ಖಾಲಿ ಬಿಡಿಸಿದ ಸುದ್ದಿ ಆ ಒದ್ದೆ ಕಾಗದದಲ್ಲಿ ಮೂಡಿ, ಮೀನಿನ ಬುಟ್ಟಿಗಳ ಅಡಿಯಲ್ಲಿ ಊರೂರು ತಲುಪುತ್ತಿತ್ತು.

ಸಿಕ್ಕಿಬಿದ್ದವರು ಕರುಣಾಕರ ಒಬ್ಬರೇ. ಲಾಕಪ್ಪಿನಲ್ಲಿ ಅವರನ್ನು ಕೇಳಿದ್ದು ಒಂದೇ ಪ್ರಶ್ನೆ: ಯಂತ್ರ ತಿರುಗಿಸುವವನು ಯಾರು? ಮೂರನೆಯ ದಿನ ಭುಜ ಮುರಿಯಿತು. ಹೆಸರು ಬರಲಿಲ್ಲ. ಇದಿನಬ್ಬ ಅಂಗಡಿಯಲ್ಲಿ ಕುಳಿತು ಬೆಲ್ಲ ತೂಗುತ್ತಿದ್ದರು.

*

ಹತ್ತೂವರೆಗೆ ಪಕ್ಷದ ಬ್ಲಾಕ್ ಅಧ್ಯಕ್ಷ ಜೋಯ್‌ಸ್ಟನ್ ಬಂದ. ಹೂವಿನ ಚಕ್ರವನ್ನು ಪಾದದ ಬಳಿ ಇಟ್ಟು, ಮೈಕ್ ಇಲ್ಲದಿದ್ದರೂ ಮೈಕಿನ ದನಿಯಲ್ಲಿ ಹೇಳಿದ.

"ಸರಕಾರಿ ಗೌರವಕ್ಕೆ ಒಪ್ಪಿಗೆ ಸಿಕ್ಕಿದೆ ವಿನೋದಕ್ಕ. ಉಡುಪಿಯಿಂದ ಪೊಲೀಸರು ಹೊರಟಾಯಿತು. ಬಾವುಟ ಹೊದಿಸುವುದು, ಮೂರು ಸುತ್ತು ಗುಂಡು ಹಾರಿಸುವುದು, ಎಲ್ಲ ಉಂಟು. ಅಷ್ಟು ಶಾಸಕರ ನಡುವೆ ಕೈ ಎತ್ತಿದ ಒಬ್ಬನೇ ಒಬ್ಬ ಮನುಷ್ಯ! ಅಷ್ಟೂ ಮಾಡದಿದ್ದರೆ ಹೇಗೆ?"

"ಅದೆಲ್ಲ ಬೇಡ," ಎಂದರು ವಿನೋದಾ. "ಅವರು ಬೇಡ ಅಂತ ಹೇಳಿದ್ದಾರೆ."

ತಲೆಯ ಬಳಿ ಕುಳಿತಿದ್ದ ಮಗಳು ಪ್ರಣೀತಾ ಮುಖವೆತ್ತಿದಳು. ನಿಟ್ಟೆಯ ಕಾಲೇಜಿನಲ್ಲಿ ಪಾಠ ಹೇಳುವವಳು. ಅತ್ತು ಅತ್ತು ಅವಳ ದನಿ ಒಡೆದಿತ್ತು.

"ಯಾವಾಗ ಹೇಳಿದ್ದಮ್ಮ? ನನ್ನ ಹತ್ತಿರ ಹೇಳಲಿಲ್ಲ."

"ಹೇಳಿದ್ದಾರೆ ಮಗಾ. ಒಂದು ಸಲ ಅಲ್ಲ."

"ಅಪ್ಪನ ಕೈ ಮುರಿದದ್ದು ಪೊಲೀಸರೇ ಅಲ್ವಾ? ಅವರು ಬಂದು ಸೆಲ್ಯೂಟ್ ಹೊಡೆಯಲಿ. ನನಗೆ ಅದನ್ನು ನೋಡಬೇಕು."

"ಪೊಲೀಸರ ವಿಷಯ ಅಲ್ಲ ಇದು."

"ಮತ್ತೆ ಎಂತದ್ದು?"

ವಿನೋದಾ ಬಾಯಿ ತೆರೆದರು. ಅಂಗಳದಲ್ಲಿ ಕುರ್ಚಿಗಳ ಸದ್ದು ನಿಂತಿತ್ತು. ಮಗಳ ಕಣ್ಣಿನಲ್ಲಿ, ಎಂಟು ವರ್ಷದವಳಿದ್ದಾಗ ಶಾಲೆಯಿಂದ ಓಡಿ ಬಂದು "ಕೈ ಎತ್ತಿದ್ದು ನನ್ನ ಅಪ್ಪ ಒಬ್ಬರೇ ಅಂತೆ!" ಎಂದ ಆ ಸಂಜೆಯ ಬೆಳಕು ಇನ್ನೂ ಆರಿರಲಿಲ್ಲ. ಅವರು ಬಗ್ಗಿ ಗಂಡನ ಅಂಗಿಯ ಕಾಲರನ್ನು ಸರಿಮಾಡಿದರು.

*

ಕರುಣಾಕರರು ಶಾಸಕರಾಗಿದ್ದದ್ದು ಒಂದೇ ಅವಧಿ. ಪಂಚಾಯತ್ ಚುನಾವಣೆಗಳನ್ನು ಮುಂದಕ್ಕೆ ಹಾಕಿ, ಹಳ್ಳಿಗಳ ಆಡಳಿತವನ್ನು ಅಧಿಕಾರಿಗಳ ಕೈಗೆ ಕೊಡುವ ಮಸೂದೆಯನ್ನು ಅವರದೇ ಪಕ್ಷ ಸಿದ್ಧಮಾಡಿತ್ತು. ಬೆಂಗಳೂರಿನಲ್ಲಿ ಬಾಗಿಲು ಮುಚ್ಚಿ ನಡೆದ ಪಕ್ಷದ ಸಭೆಯಲ್ಲಿ ನಾಯಕರು ನಗುತ್ತ ಹೇಳಿದರಂತೆ: "ನಮ್ಮ ಕರುಣಾಕರರ ಪದ್ಧತಿಯಲ್ಲೇ ಕೇಳುತ್ತೇನೆ. ವಿರೋಧ ಇರುವವರು ಮೊದಲು ಕೈ ಎತ್ತಿ."

ಎಲ್ಲರೂ ನಕ್ಕು ಅವರ ಕಡೆ ತಿರುಗಿದರು. ಒಂದು ಕೈಯೂ ಏಳಲಿಲ್ಲ.

ಮರುದಿನ ಒಂದು ಪತ್ರಿಕೆ, ಒಬ್ಬ ಶಾಸಕರು ವಿರೋಧಿಸಿದರೆಂದು ತಿಳಿದುಬಂದಿದೆ ಎಂದು ಬರೆಯಿತು. ಹೆಸರಿರಲಿಲ್ಲ. ಊರಿನವರಿಗೆ ಹೆಸರು ಬೇಕಾಗಲೂ ಇಲ್ಲ. ಕರುಣಾಕರರು ಮನೆ ತಲುಪುವಷ್ಟರಲ್ಲಿ ಕಾರ್ಕಳದಲ್ಲಿ ಸನ್ಮಾನಕ್ಕೆ ಸಭಾಂಗಣ ಗೊತ್ತಾಗಿತ್ತು. ಅವರು ಹೋದರು. ಶಾಲು ಹೊದಿಸಿಕೊಂಡರು. ಮೂರು ಸಲ ಗಂಟಲು ಸರಿಮಾಡಿಕೊಂಡು, ಕೊನೆಗೆ ಧನ್ಯವಾದವನ್ನಷ್ಟೇ ಹೇಳಿ ಕುಳಿತರು.

ಆ ಶಾಲನ್ನು ಅಡುಗೆಮನೆಯ ಮಣೆಯ ಮೇಲೆ ಇಟ್ಟು, ಹೆಂಡತಿಗೂ ಇದಿನಬ್ಬರಿಗೂ ಅವರು ನಿಜ ಹೇಳಿದರು. ಆಮೇಲೆ ಯಾರಿಗೂ ಹೇಳಲಿಲ್ಲ.

"ಹೋಗಲಿ ಬಿಡು ಕರುಣಾಕರ," ಎಂದಿದ್ದರು ಇದಿನಬ್ಬ. "ನಿನ್ನ ಕೈ ಏಳುವುದಿಲ್ಲ ಅಂತ ಎಲ್ಲರಿಗೂ ಗೊತ್ತುಂಟು."

"ಬಲಗೈ ಏಳುವುದಿಲ್ಲ. ಎಡಗೈಗೆ ಎಂತ ಆಗಿತ್ತು ಇದಿನಬ್ಬ? ನನಗೆ ಮುಂದಿನ ಸಲದ ಟಿಕೆಟ್ ಬೇಕಿತ್ತು."

ಟಿಕೆಟ್ ಸಿಗಲಿಲ್ಲ. ಮಸೂದೆ ಪಾಸಾಗಿ, ಎರಡು ವರ್ಷ ಊರಿನಲ್ಲಿ ಸಭೆಯೂ ನಡೆಯಲಿಲ್ಲ, ಎಣಿಸಲು ಕೈಗಳೂ ಇರಲಿಲ್ಲ. ಅಂದಿನಿಂದ ಅವರು ಯಾವ ಹಾರಕ್ಕೂ ತಲೆಬಾಗಲಿಲ್ಲ. ಊರು ಅದನ್ನು ವಿನಯವೆಂದು ಕರೆಯಿತು.

*

"ಈ ಮನೆಯಲ್ಲಿ ಅವರ ಪದ್ಧತಿಯೇ ನಡೆಯಲಿ," ಎಂದರು ವಿನೋದಾ, ಜಗಲಿಯ ಅಂಚಿಗೆ ಬಂದು. "ಈ ಗೌರವಕ್ಕೆ ವಿರೋಧ ಇರುವವರು ಮೊದಲು ಕೈ ಎತ್ತಿ."

ತಾವೇ ಎತ್ತಿದರು. ಬಳೆ ತೆಗೆದ ಕೈ ಬರಿದಾಗಿ ಮೇಲೆ ನಿಂತಿತು.

ಅಂಗಳದಲ್ಲಿ ಬೇರೆ ಕೈ ಏಳಲಿಲ್ಲ. ವಿನೋದಾ ಕೊನೆಯ ಸಾಲನ್ನೇ ನೋಡಿದರು. ಇದಿನಬ್ಬರ ಕೈ ಊರುಗೋಲಿನಿಂದ ಬಿಡಿಸಿಕೊಂಡು ಕಿವಿಯ ತನಕ ಬಂತು. ಪ್ರಣೀತಾ ಅವರತ್ತ ತಿರುಗಿ, "ಇದಿನಬ್ಬಾಕ, ನೀವಾದರೂ ಅಮ್ಮನಿಗೆ ಹೇಳಿ," ಎಂದಳು. ಆ ಕೈ ತಲೆಯ ಟೋಪಿಯನ್ನು ಸರಿಮಾಡಿ ಕೆಳಗಿಳಿಯಿತು. ಅವರು ಎಣಿಸಲೂ ಇಲ್ಲ.

"ಯಾಕಮ್ಮ? ಯಾಕೆ ಬೇಡ, ಅದೊಂದು ಹೇಳು."

ವಿನೋದಾ ಮಗಳ ಮುಖವನ್ನು ನೋಡಿದರು. ಆಮೇಲೆ ಕೈಯನ್ನು ಕೆಳಗಿಳಿಸಿ, ಸೆರಗಿನೊಳಗೆ ಮುಚ್ಚಿಕೊಂಡರು. ಪರವಾಗಿರುವವರನ್ನು ಕೇಳುವ ಅಗತ್ಯ ಬೀಳಲಿಲ್ಲ.

*

ಎಲ್ಲ ಜಾತಿಯವರಿಗೂ ಒಂದೇ ಇರಲೆಂದು ಕರುಣಾಕರರು ಶಾಸಕರ ನಿಧಿಯಿಂದ ಕಟ್ಟಿಸಿದ ಸ್ಮಶಾನವದು. ತಗಡಿನ ಮಾಡು, ಕಬ್ಬಿಣದ ಚೌಕಟ್ಟು, ಮೂಲೆಯಲ್ಲಿ ತೆಂಗಿನ ಗೆರಟೆಗಳ ರಾಶಿ. ಪೊಲೀಸರು ಬಾವುಟ ಹೊದಿಸಿ, ಮಡಚಿ, ಪ್ರಣೀತಾಳ ಕೈಗೆ ಕೊಟ್ಟರು. ಮೂರು ಸುತ್ತು ಗುಂಡು ಹಾರಿತು. ಗಾಳಿಮರಗಳಿಂದ ಕಾಗೆಗಳು ಎದ್ದು, ಸುತ್ತಿ, ಮತ್ತೆ ಅಲ್ಲೇ ಕುಳಿತವು. ಜೋಯ್‌ಸ್ಟನ್ "ತಲೆಬಾಗದ ಮನುಷ್ಯ" ಎಂದ. ಮಗಳೇ ಬೆಂಕಿ ಇಟ್ಟಳು.

ಅರ್ಧ ಗಂಟೆಯಲ್ಲಿ ಕಾರುಗಳು ಹೊರಟುಹೋದವು. ಉಳಿದವರು ನಾಲ್ಕೇ ಮಂದಿ: ವಿನೋದಾ, ಬಾವುಟವನ್ನು ಎದೆಗೆ ಒತ್ತಿಕೊಂಡ ಪ್ರಣೀತಾ, ಕಟ್ಟೆಯ ಮೇಲೆ ಕುಳಿತ ಇದಿನಬ್ಬ, ಗೆರಟೆ ಸುರಿಯುತ್ತಿದ್ದ ಸ್ಮಶಾನದ ಕೆಲಸದವ.

ಬೆಂಕಿ ಬಿಳಿಯಾಗುತ್ತ ಬಂದಾಗ ಸೌದೆ ಸರಿದ ಸದ್ದಾಯಿತು. ಜ್ವಾಲೆಯೊಳಗಿನಿಂದ ಒಂದು ಕೈ ನಿಧಾನವಾಗಿ ಎದ್ದಿತು. ಎದೆಯಿಂದ ಭುಜದ ಮಟ್ಟಕ್ಕೆ, ಅಲ್ಲಿಂದ ಇನ್ನೂ ಮೇಲಕ್ಕೆ.

ಪ್ರಣೀತಾ ಚೀರಿ ತಾಯಿಯ ಭುಜದಲ್ಲಿ ಮುಖ ಹುದುಗಿಸಿದಳು.

"ಹೆದರಬೇಡಿ," ಎಂದ ಕೆಲಸದವ, ಉದ್ದದ ಹಸಿ ಬಿದಿರನ್ನು ಎತ್ತಿಕೊಳ್ಳುತ್ತ. "ಬಿಸಿಗೆ ನರ ಎಳೆಯುವುದು. ತುಂಬಾ ಜನಕ್ಕೆ ಹೀಗಾಗುತ್ತದೆ. ಒತ್ತಿಬಿಟ್ಟರೆ ಆಯಿತು."

"ನಿಲ್ಲಿ ಮಾರಾಯ್ರೆ," ಎಂದರು ವಿನೋದಾ.

ಬಿದಿರು ಗಾಳಿಯಲ್ಲಿ ತಡೆದು ನಿಂತಿತು. ಬಲಗೈ ಅದು. ಕಪ್ಪಾಗಿ, ತುಸು ಬಾಗಿ, ತಲೆಗಿಂತ ಮೇಲೆ ನಿಂತಿತ್ತು.

ಇದಿನಬ್ಬ ಊರುಗೋಲನ್ನು ನೆಲಕ್ಕೂರಿ, ಬೆನ್ನು ನೇರ ಮಾಡಿಕೊಂಡು ಎದ್ದು ನಿಂತರು. ಖಾಲಿ ಸ್ಮಶಾನದಲ್ಲಿ, ಕೊನೆಯ ಬೆಂಚಿನವರಿಗೂ ಕೇಳಿಸಬೇಕೆಂಬಂತೆ, ಹಳೆಯ ದೊಡ್ಡ ದನಿಯಲ್ಲಿ ಎಣಿಸಿದರು.

"ಒಂದು."