ನೀಲಕೇತು ಸಾಯಲೇಬೇಕಿತ್ತು

ಬೆಳಕವಾಡಿಯಿಂದ ಸ್ವಲ್ಪ ಆಚೆಗಿರುವ ಆ ಊರಿನಲ್ಲಿ ಮಾರಮ್ಮನ ಹತ್ತಿರ ಹೂವು ಕೇಳುವುದಕ್ಕೆ ಒಂದು ಕಟ್ಟಳೆಯಿದೆ. ಅಮ್ಮನ ಎರಡೂ ಭುಜದ ಮೇಲೆ ಹೂವಿಟ್ಟು ಪೂಜಾರಿ ಪಕ್ಕಕ್ಕೆ ಸರಿಯುತ್ತಾನೆ. ಹಣ್ಣುಕಾಯಿ ತಟ್ಟೆ ಯಾರ ಕೈಯಲ್ಲಿದೆಯೋ ಅವರು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು. ಬಲಗಡೆಯ ಹೂವು ಬಿದ್ದರೆ ಒಳ್ಳೆಯದು, ಎಡಗಡೆಯದು ಬಿದ್ದರೆ ಆ ಕೆಲಸವನ್ನೇ ಕೈಬಿಡುವುದು. ಒಂದು ಮನೆಗೆ ವರ್ಷಕ್ಕೆ ಒಂದೇ ಹೂವು. ಮತ್ತೊಮ್ಮೆ ಕೊಡು ಎಂದು ಪೀಡಿಸುವಂತಿಲ್ಲ.

ಆ ಮಂಗಳವಾರ ತಿಮ್ಮಯ್ಯನ ಮನೆಯವರು ಬಂದದ್ದು ಅವನ ಹೆಂಡತಿ ಮಾಯಮ್ಮನ ಆಪರೇಷನ್ ವಿಷಯಕ್ಕೆ. ಹೊಟ್ಟೆಯಲ್ಲಿ ಗಡ್ಡೆ. ತಡ ಮಾಡಿದರೆ ಕೈಮೀರುತ್ತದೆ ಎಂದು ಮಂಡ್ಯದ ಡಾಕ್ಟರು ಹೇಳಿಬಿಟ್ಟಿದ್ದರು. ಆದರೆ ಮಾಯಮ್ಮನ ಸ್ವಂತ ಅಕ್ಕ ಇಂಥದೇ ಆಪರೇಷನ್ನಿಗೆ ಒಳಗೆ ಹೋದವಳು ಹೆಣವಾಗಿ ಹೊರಗೆ ಬಂದಿದ್ದಳು. ಅಮ್ಮ ಹೂವು ಕೊಡದೆ ತಾನು ಆ ಮಂಚ ಹತ್ತುವುದಿಲ್ಲವೆಂದು ಮಾಯಮ್ಮ ಹಟ ಹಿಡಿದಿದ್ದಳು. ಗುಡಿಯಲ್ಲಿ ನೋವಿಗೆ ನಿಲ್ಲಲಾಗದೆ, ತಟ್ಟೆಯನ್ನು ಮಗನ ಕೈಗೆ ಕೊಟ್ಟು, "ನೀನೇ ಕೇಳ್ಲಾ ಶಶಿ," ಎಂದು ಕಂಬಕ್ಕೆ ಒರಗಿ ಕೂತಳು.

ಕೊಡಬಾರದವನ ಕೈಗೆ ಕೊಟ್ಟಳು ಎಂದೇ ಹೇಳಬೇಕು. ಶಶಿಧರ ಕೆಟ್ಟವನಲ್ಲ. ಊರಿನ ಡೈರಿಯಲ್ಲಿ ಹಾಲು ಅಳೆಯುತ್ತಾನೆ, ಅಪ್ಪನಿಗೆ ಎದುರು ಮಾತಾಡುವುದಿಲ್ಲ. ಆದರೆ ಅವನ ತಲೆಯೊಳಗೆ ಬಾಡಿಗೆ ಕೊಡದೆ ಒಬ್ಬ ಠಿಕಾಣಿ ಹೂಡಿದ್ದ. ಹೆಸರು ನೀಲಕೇತು. ಎದೆಯಲ್ಲಿ ನೀಲಿ ಬೆಂಕಿ ಹೊತ್ತು ಆಕಾಶದಲ್ಲಿ ಹಾರುವ ಪರದೇಶದ ವೀರ. ಶಶಿಧರ ಪ್ರೈಮರಿ ಸ್ಕೂಲಿನಲ್ಲಿ ಅವನ ಕಾಮಿಕ್ಸ್ ಓದಿದ, ಹೈಸ್ಕೂಲಿನಲ್ಲಿ ಅವನ ಗೇಮ್ ಆಡಿದ, ಮೀಸೆ ಬಂದ ಮೇಲೆ ಅವನ ಸಿನಿಮಾಗಳಿಗೆ ಶಿಳ್ಳೆ ಹೊಡೆದ. ಈಗ ಗೆಳೆಯ ನಾಗೇಶನ ಜೊತೆ ಸೇರಿ ಡೈರಿ ಹಿಂದಿನ ರೂಮಿನಲ್ಲಿ ಕೂತು, ನೀಲಕೇತುವಿನ ಒಂದೊಂದು ಟೀಸರಿಗೂ ಬಾಯಿ ಬಡಿದುಕೊಳ್ಳುವ ರಿಯಾಕ್ಷನ್ ವಿಡಿಯೊ ಮಾಡುತ್ತಾನೆ. ನೋಡುವವರೂ ಇದ್ದಾರೆ, ಏನು ಮಾಡುವುದು.

ಕನ್ನಡಕ್ಕೆ ಡಬ್ ಆದ ನೀಲಕೇತುವಿನ ಸೀರಿಯಲ್ಲನ್ನು ಮಾಯಮ್ಮನೂ ಅವರೆಕಾಯಿ ಸುಲಿಯುತ್ತಾ ಮಗನ ಪಕ್ಕದಲ್ಲಿ ಕೂತು ನೋಡಿದವಳೇ. ಅವಳಿಗೆ ಅವನು ನೀಲಯ್ಯ. "ನಿಮ್ ನೀಲಯ್ಯಂಗೆ ಒಟ್ಟೆಗೆ ಇಕ್ಕೋರು ಯಾರೂ ಇಲ್ವೇನ್ಲಾ, ಯಾವಾಗ್ಲೂ ಆರಾಡ್ತಾನೇ ಇರ್ತಾನೆ," ಎಂದು ಮರುಗುತ್ತಿದ್ದಳು.

ಹೂವು ಬೇಗ ಬೀಳಲಿಲ್ಲ. ಪೂಜಾರಿ ಮರಿಸಿದ್ದಯ್ಯ ಗಂಟೆ ಬಾರಿಸಿ ಬಾರಿಸಿ ಸೋತ. ಶಶಿಧರ ಮೊದಮೊದಲು ಸರಿಯಾಗಿಯೇ ಕೇಳಿಕೊಂಡ: ಅವ್ವನ ಆಪರೇಷನ್ ಮಾಡಿಸಬಹುದಾ ತಾಯಿ, ಉಳೀತಾಳಾ? ಕೈ ನೋಯತೊಡಗಿತು. ಕರ್ಪೂರದ ಜ್ವಾಲೆಯ ಬುಡದ ನೀಲಿ ಕಣ್ಣೆದುರು ಕುಣಿಯುತ್ತಿತ್ತು. ಆ ಬೆಳಿಗ್ಗೆಯಷ್ಟೇ ಕೊನೆಯ ಸಿನಿಮಾದ ಟ್ರೈಲರ್ ಬಂದಿತ್ತು. ಅದರಲ್ಲಿ ನೀಲಕೇತುವಿನ ಎದೆಯ ಬೆಂಕಿ ಆರುತ್ತದೆ, ಮುಖವಾಡ ಒಡೆದು ಅವನು ಕೆಳಗೆ ಬೀಳುತ್ತಾನೆ, ಅಲ್ಲಿಗೆ ಕತ್ತಲು. ಶಶಿಧರನ ಮನಸ್ಸು ಯಾರ ಅಪ್ಪಣೆಯನ್ನೂ ಕೇಳದೆ ಅತ್ತ ಜಾರಿತು. ಅವನು ಉಳೀತಾನಾ?

ಆ ಕ್ಷಣಕ್ಕೆ ಬಲಗಡೆಯ ಹೂವು ಬಿತ್ತು.

"ಕೊಟ್ಲು, ಕೊಟ್ಲು ಕಣಮ್ಮ ತಾಯಿ!" ಎಂದು ಮರಿಸಿದ್ದಯ್ಯ ಕೂಗಿದ. ತಂಗಿ ದೀಪಿಕ ಅಳುತ್ತಾ ಅವ್ವನನ್ನು ತಬ್ಬಿಕೊಂಡಳು. ತಿಮ್ಮಯ್ಯ ಅಡ್ಡಬಿದ್ದ. ತಟ್ಟೆ ಹಿಡಿದವನೊಬ್ಬ ಮಾತ್ರ ಕಲ್ಲಿನಂತೆ ನಿಂತಿದ್ದ.

ಆಪರೇಷನ್ ಶುಕ್ರವಾರ ಮಧ್ಯಾಹ್ನಕ್ಕೆ ಗೊತ್ತಾಯಿತು. ಅದೇ ಶುಕ್ರವಾರ ಬೆಳಿಗ್ಗೆ ನೀಲಕೇತುವಿನ ಸಿನಿಮಾ. ಗುರುವಾರ ಸಂಜೆ ಮಂಡ್ಯದ ಆಸ್ಪತ್ರೆಯ ವಾರ್ಡಿನಲ್ಲಿ ಅವ್ವನಿಗೆ ಗಂಜಿ ಕುಡಿಸುತ್ತಿದ್ದ ಶಶಿಧರನಿಗೆ ತಡೆಯಲಾಗಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಟ್ಟ. ಹೇಳಿದ್ದು ಧೈರ್ಯದಿಂದಲ್ಲ, ಒಬ್ಬನೇ ಹೊರಲಾರದೆ.

ಮಾಯಮ್ಮ ಲೋಟ ಕೆಳಗಿಟ್ಟಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಂಗಾರೆ ಆ ಊವ ನಂದೋ, ಅವಂದೋ?"

"ಗೊತ್ತಿಲ್ಲ ಕಣವ್ವ."

"ನಿಮ್ಮಪ್ಪಂಗೆ ಏಳ್ಬೇಡ. ಏಳುದ್ರೆ ಇಲ್ಲೇ ನಿನ್ ಬೆನ್ ಮುರಿತಾನೆ. ಅವನ ಪಿಚ್ಚರ್ರು ನಾಳೀಕೆ ಅಲ್ವಾ? ಓಗು, ನೋಡ್ಕಂಡು ಬಾ. ಅವನು ಉಳುದ್ರೆ ತಾಯಿ ಅವಂಗೆ ಕೊಟ್ಟವ್ಳೆ. ನಾನು ಊರಿಗೆ ಬತ್ತೀನಿ, ಯಾವ ಡಾಕ್ಟ್ರು ಬಂದು ಕೈ ಮುಗುದ್ರೂ ಒಳೀಕೆ ಓಗಕ್ಕಿಲ್ಲ. ಅವನು ಸತ್ರೆ, ಊವ ನಂದು."

"ಅವ್ವ, ಡಾಕ್ಟ್ರು ಏಳವ್ರಲ್ಲ, ತಡ ಮಾಡುದ್ರೆ..."

"ನಮ್ಮಕ್ಕಂಗೂ ಡಾಕ್ಟ್ರೇ ಏಳಿದ್ದು. ನೀನೇ ನೋಡ್ಕಂಡು ಬಂದು ನನ್ ಮಖ ನೋಡಿ ಏಳ್ಬೇಕು."

ಶುಕ್ರವಾರ ಬೆಳಿಗ್ಗೆ ಮಂಡ್ಯದ ಥಿಯೇಟರಿನ ಮುಂದೆ ಪಟಾಕಿ, ತಮಟೆ. ನಾಗೇಶ ಮೈಗೆಲ್ಲ ನೀಲಿ ಬಣ್ಣ ಬಳಿದುಕೊಂಡು ಬಂದಿದ್ದ. "ಬಾರ್ಲಾ, ಒಂದು ವಿಡಿಯೊ ಮಾಡ್ಬುಡಾನ. ಬಾಸು ಉಳೀತಾನೆ ಅಂತ ಏಳ್ಲಾ!" ಎಂದು ಫೋನನ್ನು ಮುಖಕ್ಕೆ ಹಿಡಿದ. ಶಶಿಧರ ಅದನ್ನು ಪಕ್ಕಕ್ಕೆ ತಳ್ಳಿ ಒಳಗೆ ಹೋದ.

ಇಷ್ಟು ವರ್ಷ ನೀಲಕೇತುವಿಗೆ ಒಂದು ಗೀರು ಬಿದ್ದರೂ ಊಟ ಬಿಡುತ್ತಿದ್ದವನು ಈಗ ಸೀಟಿನ ಕೈಹಿಡಿ ಹಿಂಡುತ್ತಾ ಒಂದೇ ಜಪ ಮಾಡುತ್ತಿದ್ದ. ಸಾಯಿ, ಸತ್ತುಹೋಗು, ದಮ್ಮಯ್ಯ. ಪರದೆಯ ಮೇಲೆ ನೀಲಕೇತು ಸೇತುವೆ ಎತ್ತಿ ಹಿಡಿದಾಗ ಜನ ಎದ್ದು ಕುಣಿದರು. ಇವನಿಗೆ ಮೊದಲ ಸಲ ಅವನ ಮೇಲೆ ಅಸಹ್ಯ ಹುಟ್ಟಿತು. ಎಷ್ಟು ಜನರನ್ನು ಉಳಿಸಿದ್ದೀಯೋ ನಿನಗೇ ಲೆಕ್ಕವಿಲ್ಲ, ನಮ್ಮವ್ವನಿಗೊಂದು ಹೂವು ಬಿಟ್ಟುಕೊಡಲಾರೆಯಾ ಎಂದು ಒಳಗೊಳಗೇ ಜಗಳ ತೆಗೆದ. ಹಾಗೆ ಜಗಳವಾಡುವಾಗಲೂ ಅವನು ಏಟು ತಿಂದರೆ ಇವನ ಮೈ ತಾನಾಗಿಯೇ ಹಿಂದಕ್ಕೆ ಸರಿಯುತ್ತಿತ್ತು. ಹಳೆಯ ಪ್ರೀತಿ, ಅಷ್ಟು ಸುಲಭಕ್ಕೆ ಬಿಡುತ್ತದೆಯೇ.

ಕೊನೆಗೆ ಟ್ರೈಲರಿನಲ್ಲಿದ್ದ ದೃಶ್ಯ ಬಂತು. ಎದೆಯ ಬೆಂಕಿ ಆರಿತು, ಮುಖವಾಡ ಒಡೆಯಿತು, ನೀಲಕೇತು ಬಿದ್ದ. ಥಿಯೇಟರ್ ಸ್ಮಶಾನವಾಯಿತು. ನಾಗೇಶನ ಕೆನ್ನೆಯ ನೀಲಿ ಬಣ್ಣ ಕಣ್ಣೀರಿಗೆ ಕರಗಿ ಇಳಿಯುತ್ತಿತ್ತು. ಶಶಿಧರನೂ ಅತ್ತ, ಅಳುತ್ತಲೇ ನಕ್ಕ. ಹೂವು ಅವ್ವನದು. "ಯಾಕ್ಲಾ ನಗ್ತಿದ್ದೀಯ? ನಿಂಗೇನ್ ಬಂದದ್ಲಾ?" ಎಂದು ನಾಗೇಶ ಅವನ ಕಾಲರ್ ಹಿಡಿದ. ಶಶಿಧರ ಕೊಸರಿಕೊಂಡು ಬಾಗಿಲಿನ ಕಡೆ ಓಡಿದ. ಬಾಗಿಲ ಪರದೆ ಸರಿಸಿ ಒಂದು ಕಾಲು ಆಚೆಗಿಟ್ಟಿದ್ದ, ಅಷ್ಟರಲ್ಲಿ ಬೆನ್ನ ಹಿಂದೆ ಇಡೀ ಥಿಯೇಟರ್ ಸಿಡಿಯಿತು.

ಅವನು ತಿರುಗಿ ನೋಡಿದ. ಪರದೆಯ ಮೇಲೆ ಒಂದು ಬೆರಳು ಅಲ್ಲಾಡಿತು. ಎದೆಯಲ್ಲಿ ನೀಲಿ ಕಿಡಿ ಹತ್ತಿತು. ನೀಲಕೇತು ಕಣ್ಣು ಬಿಟ್ಟ, ಎದ್ದ, ಹಾರಿದ. ಕಾಗದದ ಚೂರುಗಳು, ಶಿಳ್ಳೆ, ಅಪ್ಪಿಕೊಳ್ಳುವವರು. ಜೀವಮಾನವಿಡೀ ಶಶಿಧರ ಕಾದಿದ್ದು ಈ ಗಳಿಗೆಗೇ. ಅವನು ಅಲ್ಲೇ ಗೋಡೆಗೆ ಒರಗಿ ಕುಸಿದು ಕೂತ.

ಆಸ್ಪತ್ರೆ ದೂರವಿರಲಿಲ್ಲ. ಬಿಸಿಲಿನಲ್ಲಿ ನಡೆಯುತ್ತಾ ನಿಜ ಹೇಳಿದರೆ ಏನಾಗುತ್ತದೆ ಎಂದು ಯೋಚಿಸಿದ. ಅವ್ವ ಎದ್ದು ಸೀರೆ ಸರಿಮಾಡಿಕೊಂಡು ಊರ ಕಡೆಯ ಮಳವಳ್ಳಿ ಬಸ್ಸು ಹತ್ತುತ್ತಾಳೆ. ಗಡ್ಡೆ ಒಳಗೇ ಬೆಳೆಯುತ್ತದೆ. ಸುಳ್ಳು ಹೇಳಿದರೆ? ಅಮ್ಮ ಕೊಡದ ಹೂವನ್ನು ಕೊಟ್ಟಳೆಂದು ಹೇಳಿ ಅವ್ವನನ್ನು ಒಳಗೆ ಕಳಿಸಿದಂತೆ. ಅವಳು ಅಲ್ಲೇ ಹೋಗಿಬಿಟ್ಟರೆ ಕೊಂದವನು ತಾನೇ. ಡಾಕ್ಟರನ್ನು ನಂಬಬೇಕೋ, ಮಾರಮ್ಮನನ್ನು ನಂಬಬೇಕೋ? ಅವನು ಇಬ್ಬರನ್ನೂ ನಂಬುತ್ತಿದ್ದ. ಅದೇ ಅವನ ಸಂಕಟ.

ವಾರ್ಡಿನ ಮುಂದೆ ತಿಮ್ಮಯ್ಯ ಕಾದಿದ್ದ. "ಅವ್ವನ್ನ ಇಲ್ಲಿ ಮಲಗ್ಸಿ ಪಿಚ್ಚರ್ಗೆ ಓಗಿದ್ದಾ ಲೌಡಿಮಗನೆ? ನೀ ಬರಗಂಟ ಒಳೀಕೆ ಓಗಕ್ಕಿಲ್ಲ ಅಂತ ಕುಂತವ್ಳೆ!" ಎಂದು ಕೈ ಎತ್ತಿದ. ದೀಪಿಕ ಅಡ್ಡ ಬಂದು ಅಣ್ಣನನ್ನು ಒಳಗೆ ತಳ್ಳಿದಳು.

ಮಾಯಮ್ಮ ಹಸಿರು ಗೌನು ತೊಟ್ಟು ಸ್ಟ್ರೆಚರಿನ ಮೇಲೆ ಕೂತಿದ್ದಳು. ತಾಳಿ ಬಿಚ್ಚಿಸಿ ಅರಿಶಿನದ ದಾರ ಕಟ್ಟಿದ್ದರು. ನರ್ಸು ಬಾಗಿಲಲ್ಲಿ ಅವಸರ ಮಾಡುತ್ತಿದ್ದಳು. ಅವ್ವ ಮಗನ ಮುಖವನ್ನೇ ನೋಡಿದಳು.

"ಏನಾಯ್ತ್ಲಾ?"

ಹೊರಗೆ ರಸ್ತೆಯಲ್ಲಿ ಬೈಕುಗಳು ಹಾರನ್ ಹೊಡೆಯುತ್ತಾ ಹೋದವು. ಯಾರೋ ನೀಲಕೇತುವಿಗೆ ಜೈಕಾರ ಹಾಕುತ್ತಿದ್ದರು. ಶಶಿಧರ ಬಾಯಿ ತೆರೆದ. ಬಂದದ್ದು ಅಳು.

"ಸತ್ತೋದ ಕಣವ್ವ," ಎಂದ. "ನೀಲಯ್ಯ ಸತ್ತೋದ."

ಮಾಯಮ್ಮ ಉಸಿರು ಬಿಟ್ಟಳು. ಹೆಗಲು ಇಳಿಯಿತು. ಆಮೇಲೆ ಸೂಜಿ ಚುಚ್ಚಿದ್ದ ಕೈಯಿಂದಲೇ ಮಗನ ತಲೆಯನ್ನು ತನ್ನ ಕಡೆ ಎಳೆದುಕೊಂಡಳು. "ಅಳ್ಬೇಡ ಕಣ್ಲಾ ಕಂದ. ಚಿಕ್ಕುಡುಗನಿಂದ ನೀ ಅವನ್ನ ನಂಬ್ಕಂಡಿದ್ದೆ, ಅಳು ಬತ್ತದೆ. ಏನ್ಮಾಡಕಾಯ್ತದೆ ಬುಡು. ಪಾಪ, ಒಳ್ಳೇ ಉಡುಗ." ಅವಳ ಕಣ್ಣಲ್ಲೂ ನೀರು ಬಂತು. ನರ್ಸು ಹತ್ತಿರ ಬಂದು, ಯಾರು ತೀರಿಕೊಂಡದ್ದು, ಆಪರೇಷನ್ ಇವತ್ತು ಬೇಡವೇ ಎಂದು ಗಾಬರಿಯಿಂದ ಕೇಳಿದಳು. "ಇಲ್ಲ ಕಣವ್ವ, ನನ್ ಮಗನ ಕಡೆಯೋನು ಒಬ್ಬ," ಎಂದು ಮಾಯಮ್ಮ ಕಣ್ಣೊರೆಸಿಕೊಂಡು ಮಲಗಿದಳು. "ನಡಿ, ಓಗಾನ."

ಸ್ಟ್ರೆಚರ್ ಕಾರಿಡಾರಿನಲ್ಲಿ ಮುಂದೆ ಸಾಗಿತು. ಶಶಿಧರ ಪಕ್ಕದಲ್ಲಿ ಅವ್ವನ ಕೈ ಹಿಡಿದು ನಡೆದ. ಆಪರೇಷನ್ ಕೋಣೆಯ ಬಾಗಿಲಲ್ಲಿ ಅವನನ್ನು ತಡೆದರು. ಮಾಯಮ್ಮ ತಲೆ ಹೊರಳಿಸಿ ಕರೆದಳು.

"ಶಶಿ, ನಾನು ಎದ್ ಮೇಲೆ ಆ ಪಿಚ್ಚರ್ಗೆ ನನ್ನೂ ಕರ್ಕಂಡೋಗ್ಲಾ. ಅವನು ಎಂಗೆ ಸತ್ತ ಅಂತ ನಾನೂ ನೋಡ್ಬೇಕು."

"ಆಯ್ತವ್ವ," ಎಂದ. "ಕರ್ಕಂಡೋಯ್ತೀನಿ. ಮುಂದ್ಗಡೆ ಸೀಟೇ ತಕ್ಕತೀನಿ."

ಬಾಗಿಲು ಮುಚ್ಚಿತು. ಶಶಿಧರ ಅದರ ಎದುರಿಗೇ ನೆಲದ ಮೇಲೆ ಕೂತ. ಆ ಥಿಯೇಟರಿನಲ್ಲಿ ಅವ್ವನ ಪಕ್ಕ ಕೂತಿರುವಾಗ ತನ್ನ ಸುಳ್ಳು ಎಲ್ಲರೆದುರು ಬಯಲಾಗಲಿ, ಅವಳು ಎದ್ದು ನಿಂತು ತನ್ನ ಕೆನ್ನೆಗೆ ಬಾರಿಸಲಿ ಎಂದು ಮಾರಮ್ಮನನ್ನು ಬೇಡಿಕೊಂಡ. ಈ ಸಲ ಅವನ ಮನಸ್ಸು ಎಲ್ಲಿಗೂ ಜಾರಲಿಲ್ಲ.