ಉಗುರ ಸಂದಿನ ಪಾದರಸ

"ಇದು ನಮ್ಮ ಕಾರ್ಖಾನೆ ನಲ್ಲೀ ನೀರೇ. ಪರೀಕ್ಷೆ ಮಾಡಮ್ಮ, ನಿನ್ನ ಸಂಶಯ ತೀರ್ಲಿ," ಎಂದು ಥರ್ಮಾಮೀಟರ್ ಕಾರ್ಖಾನೆಯ ಮ್ಯಾನೇಜರ್ ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿದ.

ಮುಚ್ಚಳದ ಸೀಲು ಆಗಷ್ಟೇ ಒಡೆದಿತ್ತು. ಅಂಗಡಿಯಿಂದ ಕೊಂಡು ತಂದ ನೀರು. ಪ್ರಯೋಗಾಲಯದ ಯುವತಿ ಅತಿನೇರಳೆ ದೀಪ ಹೊತ್ತಿಸಿದಳು.

ಕಾರ್ಮಿಕರ ಕಾಯಿಲೆಯ ವಿಚಾರಣಾ ಸಮಿತಿಯ ಮುಂದೆ ಇದೇ ಮನುಷ್ಯ, "ಆ ಹೆಂಗಸಿಗೆ ನರದೌರ್ಬಲ್ಯ, ಅಷ್ಟೆ," ಎಂದಿದ್ದ. ಅವನ ಕಾರ್ಖಾನೆಯಲ್ಲಿ ಗಾಜಿನ ನಳಿಗೆಗೆ ಪಾದರಸ ತುಂಬುತ್ತಿದ್ದ ಅವಳ ಅಕ್ಕ ಈಗ ತನ್ನ ಜಡೆ ತಾನು ಹೆಣೆದುಕೊಳ್ಳಲಾರಳು. ಆ ಮಾತು ಕೇಳಿದ ದಿನದಿಂದ ತಂಗಿ ಪಾದರಸ ಪತ್ತೆ ಮಾಡುವ ಕಾಗದದ ಪಟ್ಟಿ ತಯಾರಿಸಲು ಪ್ರಯೋಗಾಲಯದಲ್ಲಿ ಹಲ್ಲು ಕಚ್ಚಿ ಕೂತಿದ್ದಳು. ನೀಲಿ ಬೆಳಕು ಕೊಡುವ ಇಂಗಾಲದ ಸೂಕ್ಷ್ಮ ಕಣಗಳು ಒಂದಕ್ಕೊಂದು ಅಂಟಿಕೊಂಡು ತಾವಾಗಿಯೇ ಮಂಕಾಗುತ್ತಿದ್ದವು. ಸ್ಪಂಜಿನಂತೆ ರಂಧ್ರಗಳಿದ್ದ ಸಿಲಿಕಾದೊಳಗೆ ಅವನ್ನು ಬಿಡಿಬಿಡಿಯಾಗಿ ಕೂರಿಸಿದ ಮೇಲೆ ಪಟ್ಟಿ ಹೇಳಿದ ಮಾತು ಕೇಳತೊಡಗಿತು. ಪಾದರಸ ತಗುಲಿದರೆ ಮಾತ್ರ ಬೆಳಕು ಆರುತ್ತಿತ್ತು.

ಬಾಟಲಿಯ ನೀರು ಬಿದ್ದ ಪಟ್ಟಿ ಅತಿನೇರಳೆ ದೀಪದಡಿ ನೀಲಿಯಾಗಿ ಹೊಳೆಯಿತು.

"ನೋಡಿದ್ಯಾ? ಸುಮ್ಸುಮ್ನೆ ನಮಗೆ ಮಸಿ ಬಳೀತಿದ್ದೀರಿ!"

"ಕೈ ಕೊಡಿ ಸರ್."

"ನನ್ನ ಕೈಯಾ?"

"ನೀರು ಸರಿ ಇದೆಯಲ್ಲ, ಭಯ ಯಾಕೆ?"

ಅದೇ ನೀರಿನಿಂದ ಅವನ ಉಗುರ ಸಂದು ತೊಳೆದು, ಹೊಸ ಪಟ್ಟಿಗೆ ಒಂದು ಹನಿ ಬಿಟ್ಟಳು. ನೀಲಿ ನಡುವಿನಿಂದ ಆರುತ್ತ ಬಂತು.

"ಇನ್ನೊಂದ್ ಸಲ ಮಾಡು," ಎಂದ. ಮಾಡಿದಳು. ಮತ್ತೆ ಕಪ್ಪು.

"ದಿನಾ ಮಗಳಿಗೆ ತುತ್ತು ಕೊಡೋದು ಈ ಕೈಲೇ..." ಅವನು ಕೈಗಳನ್ನು ಮೈಯಿಂದ ದೂರ ಹಿಡಿದು ನೋಡಿಕೊಂಡ. "ಅವಳನ್ನ ಯಾವ ಡಾಕ್ಟರಿಗೆ ತೋರಿಸ್ಲಿ? ಹೇಳಮ್ಮ."

ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಕ್ಕನನ್ನು ನೋಡುತ್ತಿದ್ದ ಡಾಕ್ಟರ ಹೆಸರು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡಳು.

"ಅಕ್ಕನ ಕಾಯಿಲೆ ಎಲ್ಲಿಂದ ಬಂತು ಅಂತ ನಾಳೆ ಸಮಿತಿ ಮುಂದೆ ನಿಮ್ಮ ಬಾಯಲ್ಲೇ ಹೇಳಿ. ಆಮೇಲೆ ಹೇಳ್ತೀನಿ."

"ಚಿಕ್ಕ ಮಗು ಕಣಮ್ಮ ಅದು!"

"ನಮ್ಮಕ್ಕನೂ ಒಬ್ಬರ ಮಗಳೇ."

ಮರುದಿನ ಅವನು ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡ. ಹೊರಗೆ ಮೆಟ್ಟಿಲ ಬಳಿ ಅವಳು ಡಾಕ್ಟರ ಹೆಸರು ಹೇಳಿದಳು. ಅವನು ಕೇಳಿಸಿಕೊಂಡದ್ದೇ ಓಡಿದ.

ಮನೆಗೆ ಬಂದವಳು ಬಾಗಿಲಲ್ಲೇ ನಿಂತು, ನಡೆದದ್ದನ್ನೆಲ್ಲ ಒಂದೂ ಬಿಡದೆ, ನಗುನಗುತ್ತ ಹೇಳಿದಳು. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ಆ ಮಗೂನ ಒಂದು ದಿನ ಕಾಯಿಸಿದ್ಯಾ?"

ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು. ಹೊರಗೆ ಯಾರದೋ ಸೈಕಲ್ಲು ಗಂಟೆ ಬಾರಿಸುತ್ತ ದೂರವಾಯಿತು. ತಂಗಿ ಚಪ್ಪಲಿಯನ್ನೂ ಬಿಡದೆ ಹೊಸಿಲಲ್ಲೇ ನಿಂತಿದ್ದಳು.