ಹೂವಮ್ಮ ತನ್ನ ಕೂಲಿ ತಾನೇ ಹೇಳಿದಳು

ಹೂವಮ್ಮ ಅವತ್ತು ಬುತ್ತಿ ಬಿಚ್ಚದೆ ಹಾಗೇ ಮನೆಗೆ ತಂದಳು. ಹೊಟ್ಟೆಯಲ್ಲಿ ಹಸಿವಿರಲಿಲ್ಲ, ಸಿಟ್ಟಿತ್ತು.

ಆದೋನಿಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಹನ್ನೊಂದು ವರ್ಷದಿಂದ ಹತ್ತಿ ನೋಡುವುದು ಆಕೆಯ ಕೆಲಸ. ಬಂದ ಲೋಡಿನೊಳಗೆ ಕೈ ತೂರಿಸಿದರೆ ಸಾಕು, ಹಸಿಯೋ ಒಣಗಿದ್ದೋ ಹೇಳಿಬಿಡುತ್ತಾಳೆ. ದಿನಕ್ಕೆ ಕೂಲಿ ಮುನ್ನೂರೈವತ್ತು ರೂಪಾಯಿ. ಮೂರು ತಿಂಗಳ ಹಿಂದೆ ಸೇರಿದ ಸೋಮೇಶನಿಗೆ ಆ ಕೆಲಸ ಕಲಿಸಿದವಳೂ ಆಕೆಯೇ. ಅವನಿಗೆ ಐನೂರು ಅಂತ ಅವತ್ತೇ ಗೊತ್ತಾಗಿತ್ತು!

"ಅವ ಗಂಡಸಲ್ಲೇನು, ಜಾಸ್ತಿ ಕೊಡ್ತಾರ," ಅಂದ ಗಂಡ ಮಾರಣ್ಣ. ಅವನು ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊರುವ ಹಮಾಲಿ. "ಕೇಳಿದ್ರ ನಾಳೆಯಿಂದ ಬರಬ್ಯಾಡ ಅಂತಾರ. ಸುಮ್ನಿರು."

"ಮುಟ್ಟಿದ ಕೈ ಗಂಡಸಿಂದೋ ಹೆಂಗಸಿಂದೋ ಅಂತ ಹತ್ತಿ ಕೇಳತೈತೇನು?"

ಪಕ್ಕದ ಮನೆಯ ಬಸವಕ್ಕ ಜೋಳದ ರೊಟ್ಟಿ ಮಾಡಿ ಮಾರುವವಳು. ಜಗಳ ಕೇಳಿ ಬಂದಳು.

"ಗ್ಯಾಸ್ ರೇಟ್ ಏರಿದ್ರ ನಾ ರೊಟ್ಟಿ ರೇಟ್ ಏರಿಸ್ತೀನಿ. ಯಾರಿಗಾರ ಕೈ ಮುಗೀತೀನೇನು? ನಿನ್ನ ಕೆಲಸಾನೂ ಒಂದು ವ್ಯಾಪಾರ, ಹೂವಮ್ಮ. ಮಾಲಿನ ಗುಣ ನೀನೇ ಹೇಳಬೇಕು, ರೇಟೂ ನೀನೇ ಹೇಳಬೇಕು. ಮೊದ್ಲು ನಿನ್ನಿಂದ ಅವರಿಗೆ ಏನು ಲಾಭ ಐತಿ, ಬರ್ಕೊ. ಬ್ಯಾರೆ ಮಿಲ್ಲಿನಾಗ ಎಷ್ಟು ಕೊಡ್ತಾರ, ವಿಚಾರಿಸು. ಆಮ್ಯಾಲ ಹೋಗು."

ಹದಿನೈದು ದಿನ ಹೂವಮ್ಮ ಬರೆದಿಟ್ಟಳು. ಎಮ್ಮಿಗನೂರು ರೋಡಿನ ಮಿಲ್ಲಿಗೂ ಹೋಗಿ ಕೇಳಿಬಂದಳು. ಆಮೇಲೆ ತನ್ನ ಮಿಲ್ಲಿನ ಸಾವ್ಕಾರನ ಮುಂದೆ ನಿಂತಳು.

"ಮನಿ ಮಗಳಿದ್ದಂಗ ಅದೀಯಲ್ಲಮ್ಮ, ನೀನೂ ರೊಕ್ಕದ ಮಾತಾಡ್ತೀಯಾ?"

"ಮನಿ ಮಗಳಿಗೆ ಕಡಿಮಿ ಕೊಡ್ತಾರೇನ್ರಿ? ಹದಿನೈದು ದಿನದಾಗ ಹನ್ನೊಂದು ಲೋಡು ಹಸಿ ಹತ್ತಿ ಹಿಡಿದೀನಿ, ಬರ್ದಿಟ್ಟೀನಿ. ನೀರಿನ ತೂಕಕ್ಕ ನೀವು ರೊಕ್ಕ ಕೊಡೋದು ತಪ್ಪೈತಿ. ಐನೂರೈವತ್ತು ಕೊಡ್ರಿ."

"ನಾನೂರು."

"ಎಮ್ಮಿಗನೂರು ರೋಡಿನ ಮಿಲ್ಲಿನಾಗ ನಾನೂರ ಎಂಬತ್ತು ಕೊಡ್ತೀವಿ ಅಂದಾರ್ರಿ. ಸೋಮವಾರದಿಂದ ಅಲ್ಲಿಗೆ ಹೋಗ್ತೀನಿ."

ಅಷ್ಟರಲ್ಲಿ ಸೋಮೇಶ ಬಾಗಿಲಿಗೆ ಬಂದ. "ಅಕ್ಕಾ, ಲೋಡು ಬಂದೈತಿ. ನನಗ ತಿಳೀವಲ್ದು, ನೀನೇ ಬಾ." ಹೂವಮ್ಮ ಕದಲಲಿಲ್ಲ.

ಸಾವ್ಕಾರ ಇಬ್ಬರನ್ನೂ ನೋಡಿದ. "ಸರೇ, ಐನೂರು."

"ಬರ್ದು ಕೊಡ್ರಿ."

ಬರೆದುಕೊಟ್ಟ ಮೇಲೆಯೇ ಆಕೆ ಲೋಡಿನ ಕಡೆ ಹೆಜ್ಜೆ ಹಾಕಿದಳು. ಕಲಿಸಿದವಳಿಗೂ ಕಲಿತವನಿಗೂ ಒಂದೇ ಕೂಲಿ! ಆ ಸಿಟ್ಟು ಇನ್ನೂ ಆರಿಲ್ಲ. ದೀಪಾವಳಿಗೆ ಮತ್ತೆ ಕೇಳುತ್ತಾಳೆ.

ಮಾರನೇ ದಿನ ಮಾರಣ್ಣನೇ ಬಸವಕ್ಕನ ಬಾಗಿಲಿಗೆ ಹೋದ. "ಅಕ್ಕಾ, ಹಮಾಲಿ ರೇಟು ಹೆಂಗ ಕೇಳಬೇಕು, ಸ್ವಲ್ಪ ಹೇಳು."

ಅಕ್ಕಂದಿರೇ, ಅಣ್ಣಂದಿರೇ, ಕೂಲಿ ಯಾರೋ ಹಾಕುವ ಭಿಕ್ಷೆಯಲ್ಲ. ಒಂದೇ ಕೆಲಸಕ್ಕೆ ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ ಕೊಡಬೇಕೆಂದು ಕಾನೂನೇ ಹೇಳುತ್ತದೆ. ನಿಮ್ಮ ಕೆಲಸದ ಬೆಲೆ ಎಷ್ಟೆಂದು ಇವತ್ತೇ ಲೆಕ್ಕ ಹಾಕಿ. ನಾಳೆ ಹೋಗಿ, ತಲೆ ಎತ್ತಿ ಕೇಳಿ.